ಟ್ಯಾಂಕಿನ ತಳ ತಣ್ಣಗಿರಲಿ

ಪ್ರಶ್ನೆ: ಜಪಾನಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನಾವು ಮೂವರು. ಚಾವಣಿಗೆ ಸೋಲಾರ್ ಹಾಕಿಸುತ್ತೇವೆ. ಬಿಸಿನೀರಿಗೆ ಕರೆಂಟಿನಲ್ಲಿ ಓಡುವ ಎಕೋಕ್ಯೂಟ್ ಒಳ್ಳೆಯದೋ, ಗ್ಯಾಸಿನ ಎನೆಫಾರ್ಮ್ ಒಳ್ಳೆಯದೋ? ಯಾವುದರ ದಕ್ಷತೆ ಜಾಸ್ತಿ?

ಉತ್ತರ: ತಿಂಗಳು ತಪ್ಪದೆ ಬರುವ ಪ್ರಶ್ನೆ ಇದು. ಎಲ್ಲರಿಗೂ ಒಂದೇ ಒಂದು ಸಂಖ್ಯೆ ಬೇಕು. ಅಂಗಡಿಯವರು ಆ ಸಂಖ್ಯೆ ತೋರಿಸಿಯೇ ಮಾರುತ್ತಾರೆ. ದಯವಿಟ್ಟು ಅದನ್ನು ಬಿಡಿ. ಜಪಾನ್ ತನಗೆ ಬೇಕಾದ ಇಂಧನದ ಹತ್ತು ಪಾಲಿನಲ್ಲಿ ಎಂಟಕ್ಕಿಂತ ಜಾಸ್ತಿಯನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ. ಅಲ್ಲಿ ಕರೆಂಟಿನ ಲೆಕ್ಕ, ಬಿಸಿನೀರಿನ ಲೆಕ್ಕ ಬೇರೆ ಬೇರೆ ಇಟ್ಟರೆ ಎರಡೂ ತಪ್ಪುತ್ತವೆ.

2009ರಲ್ಲಿ ಮಾರುಕಟ್ಟೆಗೆ ಬಂದ ಎನೆಫಾರ್ಮ್ ಗ್ಯಾಸಿನಿಂದ ಮನೆಯಲ್ಲೇ ಸುಮಾರು 700 ವಾಟ್ ಕರೆಂಟ್ ಮಾಡುತ್ತದೆ. ಆಗ ಹುಟ್ಟುವ ಶಾಖವನ್ನು ನೀರಿಗೆ ಕೊಡುತ್ತದೆ. ಆ ನೀರನ್ನು ಬಳಸಿದರೆ ಮಾತ್ರ ಲಾಭ. ಟ್ಯಾಂಕ್ ತುಂಬಿದರೆ ಒಂದು ಬಗೆಯ ಯಂತ್ರ ನಿಂತೇ ಬಿಡುತ್ತದೆ. ಇನ್ನೊಂದು ಬಗೆಯದು ಓಡುತ್ತಲೇ ಇದ್ದು ಶಾಖವನ್ನು ಗಾಳಿಗೆ ಬಿಡುತ್ತದೆ. ದಿನವೂ ಟಬ್ ತುಂಬಿಸಿ ಸ್ನಾನ ಮಾಡುವ ಐದಾರು ಜನರ ಮನೆಗಾದರೆ ನಾನೇ ಹಾಕಿಸಿ ಅನ್ನುತ್ತಿದ್ದೆ.

ನಿಮಗೆ ಎಕೋಕ್ಯೂಟ್ ಸಾಕು. ಇದು ಹೊರಗಿನ ಗಾಳಿಯ ಶಾಖವನ್ನು ಎಳೆದುಕೊಂಡು ನೀರು ಕಾಯಿಸುವ ಹೀಟ್ ಪಂಪ್. 370 ಲೀಟರ್ ನೀರನ್ನು 15 ಡಿಗ್ರಿಯಿಂದ 65ಕ್ಕೆ ಏರಿಸಲು ಸುಮಾರು 21 ಯೂನಿಟ್ ಶಾಖ ಬೇಕು. ಪಂಪ್ ತಾನು ಎಳೆದ ಕರೆಂಟಿನ ಮೂರು ಪಟ್ಟು ಶಾಖ ಕೊಟ್ಟರೆ 7 ಯೂನಿಟ್ ಕರೆಂಟಿಗೆ ಕೆಲಸ ಮುಗಿಯಿತು. 2001ರಲ್ಲಿ ಇದು ಬಂದಾಗ ರಾತ್ರಿ ಉಳಿಯುತ್ತಿದ್ದ ಕರೆಂಟನ್ನು ಬಳಸಲು ರಾತ್ರಿ ಕಾಯಿಸುವ ಪದ್ಧತಿ ಇತ್ತು. ಈಗ ಮಧ್ಯಾಹ್ನದ ಬಿಸಿಲೇ ಉಳಿಯುತ್ತದೆ. ದಕ್ಷಿಣದ ದ್ವೀಪ ಕ್ಯುಶುವಿನಲ್ಲಿ 2018ರ ಅಕ್ಟೋಬರಿನಿಂದಲೇ ಸೋಲಾರ್ ಘಟಕಗಳಿಗೆ ‘ಇವತ್ತು ಉತ್ಪಾದನೆ ನಿಲ್ಲಿಸಿ’ ಎಂದು ಹೇಳಬೇಕಾಗಿ ಬಂತು. ಒಂದು ಕಡೆ ಇಂಧನ ತರಿಸುವುದು, ಇನ್ನೊಂದು ಕಡೆ ಬಿಸಿಲನ್ನು ಚೆಲ್ಲುವುದು. ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಯಂತ್ರ ಮಧ್ಯಾಹ್ನ ಕಾಯಿಸುವಂತೆ ಮೊದಲ ದಿನವೇ ಹೊಂದಿಸಿ. ಚಳಿಗಾಲದಲ್ಲಿ ಮಧ್ಯಾಹ್ನದ ಗಾಳಿ ಬೆಚ್ಚಗಿರುವುದರಿಂದ ಪಂಪಿಗೂ ಸುಲಭ.

ಯಾರೂ ಹೇಳದ ವಿಷಯ ಒಂದಿದೆ. ಟ್ಯಾಂಕಿನ ಮೇಲೆ ಬಿಸಿನೀರು, ತಳದಲ್ಲಿ ತಣ್ಣೀರು ಪದರವಾಗಿ ನಿಂತಿರಬೇಕು. ಶಾಖ ಸಾಗಿಸಲು ಇಂಗಾಲದ ಡೈಆಕ್ಸೈಡ್ ಬಳಸುವ ಈ ಪಂಪಿಗೆ ತಳದಿಂದ ತಣ್ಣೀರು ಬಂದಷ್ಟೂ ಒಳ್ಳೆಯದು. ಟಬ್ಬಿನ ನೀರು ಆರಿತು ಅಂತ ‘ಮತ್ತೆ ಕಾಯಿಸು’ ಗುಂಡಿ ಒತ್ತುತ್ತೀರಲ್ವಾ? ಆಗ ಟ್ಯಾಂಕಿನ ಶಾಖ ಟಬ್ಬಿಗೆ ಹೋಗಿ ಟ್ಯಾಂಕಿನೊಳಗೆ ಉಗುರುಬೆಚ್ಚನೆಯ ನೀರು ಉಳಿಯುತ್ತದೆ. ಅದನ್ನು ಪುನಃ ಕಾಯಿಸಲು ಪಂಪ್ ತಿಣುಕುತ್ತದೆ. ಅದರ ಬದಲು ‘ಬಿಸಿನೀರು ಸೇರಿಸು’ ಗುಂಡಿ ಒತ್ತಿ.

ನಾನು ತುಸು ಜಾಸ್ತಿಯೇ ಹೆದರುವವನು, ಆದರೂ ಹೇಳುತ್ತೇನೆ. 460 ಲೀಟರಿನ ಟ್ಯಾಂಕ್ ತುಂಬಿದರೆ ಅರ್ಧ ಟನ್ ದಾಟುತ್ತದೆ. 2011ರ ಭೂಕಂಪದಲ್ಲಿ ಇಂಥ ಟ್ಯಾಂಕುಗಳು ಉರುಳಿ ಬಿದ್ದವು. ಬುಡದ ಬೋಲ್ಟುಗಳನ್ನು ನೀವೇ ಬಗ್ಗಿ ಎಣಿಸಿ. ಆಮೇಲೆ ಸಹಿ ಹಾಕಿ. ಪಂಪನ್ನು ಪಕ್ಕದ ಮನೆಯವರು ಮಲಗುವ ಕೋಣೆಯ ಕಡೆಗೆ ಮಾತ್ರ ಇಡಬೇಡಿ. ಅದರ ಗುಂಯ್ ಸದ್ದಿಗೆ ಜನ ನಿದ್ದೆ ಕಳೆದುಕೊಂಡಿದ್ದಾರೆ.

ಪ್ರಶ್ನೆ: ಎನೆಫಾರ್ಮ್ ಓಡುವುದು ಹೈಡ್ರೋಜನ್ನಿನಲ್ಲಿ. ಹಾಗಾದರೆ ಹೊಗೆಯೇ ಇಲ್ಲ ಅಲ್ವಾ?

ಉತ್ತರ: ಆ ಹೈಡ್ರೋಜನ್ ಬರುವುದೇ ಗ್ಯಾಸಿನಿಂದ, ಅದರಲ್ಲಿದ್ದ ಇಂಗಾಲ ನಿಮ್ಮ ಗೋಡೆಯ ಪಕ್ಕದಲ್ಲೇ ಹೊರಗೆ ಹೋಗುತ್ತದೆ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುವ ಪೆಟ್ಟಿಗೆ ಹೇಗೆ?

ಉತ್ತರ: ಮೋಸ. ‘ನಿಮ್ಮ ಹೀಟರ್ ಪರೀಕ್ಷೆ ಮಾಡಬೇಕು’ ಎನ್ನುತ್ತಾ, ನೀವು ಕರೆಯದಿದ್ದರೂ ಬಾಗಿಲಿಗೆ ಬರುವವರನ್ನೂ ಒಳಗೆ ಬಿಡಬೇಡಿ.

ಪ್ರಶ್ನೆ: ಕರೆಂಟು ಮತ್ತು ಶಾಖ ಒಟ್ಟಿಗೆ ಮಾಡುವುದು ದೊಡ್ಡ ಕಟ್ಟಡಗಳಿಗೆ ಆಗುತ್ತದೆಯೇ?

ಉತ್ತರ: ಟೋಕಿಯೋದ ರೊಪ್ಪೊಂಗಿ ಹಿಲ್ಸ್ ಎಂಬ ದೊಡ್ಡ ಕಟ್ಟಡಗಳ ಸಮೂಹ ನೋಡಿ. ತನ್ನದೇ ಗ್ಯಾಸ್ ಟರ್ಬೈನುಗಳ ಶಾಖದಿಂದ ಕಟ್ಟಡಗಳನ್ನು ತಂಪು ಮಾಡುತ್ತದೆ, ಬೆಚ್ಚಗೂ ಇಡುತ್ತದೆ. 2011ರಲ್ಲಿ ಊರಿಗೆ ಕರೆಂಟು ಸಾಲದಿದ್ದಾಗ ಹೊರಗಿನವರಿಗೂ ಕೊಟ್ಟಿತು.