ಫೈನಲ್ ಫ್ಯಾಂಟಸಿ 3 ಡಿಎಸ್: ಕ್ರಿಸ್ಟಲ್ ಟವರ್ ಹತ್ತೋ ಮುಂಚೆ ಸ್ವಲ್ಪ ತಡಿ

ಗುರು, ಲೆವೆಲ್ 45ಕ್ಕೆ ನಾಲ್ಕೂ ಜನರನ್ನ ಸೇಜ್ (ಎಲ್ಲಾ ಮ್ಯಾಜಿಕ್ ಬರೋ ಜಾಬ್, ಅಂದ್ರೆ ಪಾತ್ರಕ್ಕೆ ಕೊಡೋ ಕಸುಬು) ಮಾಡ್ಕೊಂಡು ಗೇಮ್ ಕೊನೇಲಿ ಬರೋ ಟವರ್ ಹತ್ತುತೀನಿ, ಎಚ್‌ಪಿ (ಜೀವದ ಪಾಯಿಂಟ್) ಯಾಕೋ ಕಮ್ಮಿ ಇದೆ ಅಂತ ಹಾಕಿದೀಯಲ್ಲ, ನಂಗೂ ಇದೇ ಗತಿ ಆಗಿತ್ತು, ಅದಕ್ಕೇ ಉದ್ದ ಬರೀತಿದೀನಿ.

ಸೇಜ್‌ನಿಂದ ಕಮ್ಮಿ ಆಗಿದ್ದಲ್ಲ ಅದು. ಲೆವೆಲ್ ಏರೋ ಹೊತ್ತಿಗೆ ಯಾವ ಜಾಬ್‌ನಲ್ಲಿರ್ತಾರೋ ಅದರ ವೈಟಾಲಿಟಿ (ಗಟ್ಟಿತನ) ನೋಡಿ ಗೇಮ್ ಎಚ್‌ಪಿ ಕೊಡತ್ತೆ, ಆಮೇಲೆ ಜಾಬ್ ಬದಲಾಯ್ಸಿದ್ರೂ ಕಳ್ಕೊಂಡಿದ್ದು ವಾಪಸ್ ಬರಲ್ಲ. ನಿನ್ನ ನಾಲ್ವರಲ್ಲಿ ಆರ್ಕ್, ರೆಫಿಯಾ ಇಬ್ಬರನ್ನೂ ಶುರುವಿಂದ ಮೇಜ್ (ಮ್ಯಾಜಿಕ್ ಹಾಕೋ ಜಾಬ್) ಆಗೇ ಬೆಳೆಸಿದೀಯ ಅಂದ್ಮೇಲೆ ಇನ್ನೇನಾಗತ್ತೆ.

ನಾನ್ ಮಾಡೋದು ಇಷ್ಟೇ: ಸ್ಟೇಟಸ್‌ನಲ್ಲಿ ಮುಂದಿನ ಲೆವೆಲ್‌ಗೆ ಎಷ್ಟು ಬಾಕಿ ಅಂತ ನೋಡ್ತಾ ಇರೋದು, ಹತ್ರ ಬಂದ ತಕ್ಷಣ ವೈಟಾಲಿಟಿ ಜಾಸ್ತಿ ಇರೋ ವೈಕಿಂಗ್ ಮಾಡ್ಬಿಡೋದು, ಲೆವೆಲ್ ಏರಿದ್ಮೇಲೆ ಮತ್ತೆ ಹಳೇ ಜಾಬ್. ನಿಂಟೆಂಡೋದ ಹಳೇ ಕನ್ಸೋಲ್ ಫ್ಯಾಮಿಕಾಮ್‌ದರಲ್ಲಿ ಜಾಬ್ ಬದಲಾಯ್ಸೋಕೆ ಕೆಪಾಸಿಟಿ ಪಾಯಿಂಟ್ ಖರ್ಚಾಗ್ತಿತ್ತು, ಇಲ್ಲಿ ಅದಿಲ್ಲ, ಆದ್ರೆ ಬದಲಾಯ್ಸಿದ್ಮೇಲೆ ಒಂದಷ್ಟು ಫೈಟ್ ತನಕ ಸ್ಟ್ಯಾಟ್ಸ್ ಇಳಿದಿರತ್ತೆ, ಹಾಗಾಗಿ ಬಾಸ್ ಬಾಗಿಲಲ್ಲಿ ನಿಂತ್ಕೊಂಡು ಈ ಆಟ ಬೇಡ. ವೈಕಿಂಗ್‌ಗೆ ಕೊಡಲಿ, ಹ್ಯಾಮರ್ ಬೇಕು, ಮಾರಿ ಹಾಕಿದ್ರೆ ಕೈಯಲ್ಲಿ ಏನೂ ಇರಲ್ಲ. ಮೇಜ್‌ಗಳಿಗೆ ಮಾಡೋದೇ ಮುಖ್ಯ, ಉಳಿದವರಿಗೆ ಬೇಜಾರಾದ್ರೆ ಬಿಡು. ಜಾಬ್ ಲೆವೆಲ್ ಬೇರೆ, ಅದು ಬೆಳೆಯೋದು ಫೈಟ್‌ನಲ್ಲಿ ಏನಾದ್ರೂ ಮಾಡ್ತಾ ಇದ್ರೆ. ಸಣ್ಣಪುಟ್ಟ ಮಾನ್‌ಸ್ಟರ್ ಮುಂದೆ ಸುಮ್ನೆ ಗಾರ್ಡ್ ಒತ್ತಿದ್ರೂ ಏರತ್ತೆ.

ಇನ್ನು ನಾಲ್ಕು ಸೇಜ್ ಯಾರ್ ಹೇಳಿದ್ದು ನಿಂಗೆ? 1990ರ ಗೇಮ್‌ನ ಗೈಡ್ ನೋಡಿ 2006ರ ಡಿಎಸ್ ರೀಮೇಕ್ ಆಡೋರು ಇನ್ನೂ ಇದಾರಲ್ಲ ಮಾರಾಯ. ಹಳೇದರಲ್ಲಿ ಸೇಜ್, ನಿಂಜಾ ಮುಂದೆ ಬೇರೆ ಜಾಬ್‌ಗಳೆಲ್ಲ ವೇಸ್ಟ್, ಇಲ್ಲಿ ರೀಮೇಕ್ ಮಾಡಿದ ಮ್ಯಾಟ್ರಿಕ್ಸ್ ಕಂಪನಿಯೋರು ಸರಿ ಮಾಡಿದಾರೆ. ಸೇಜ್‌ಗೆ ಎಲ್ಲಾ ಮ್ಯಾಜಿಕ್ ಬರತ್ತೆ ನಿಜ, ದೊಡ್ಡ ಮ್ಯಾಜಿಕ್ ಹಾಕೋ ಸಲ ಮಾತ್ರ ಕಮ್ಮಿ. ಕ್ಯೂರಾಜಾ (ಎಚ್‌ಪಿ ತುಂಬ್ಸೋ ದೊಡ್ಡ ಮ್ಯಾಜಿಕ್) ಹಾಕೋಕೆ ಗುಣಪಡಿಸೋ ಜಾಬ್ ಡಿವೌಟ್ ಒಬ್ಬರು ಇರ್ಲೇಬೇಕು. ಕೊನೇ ಬಾಸ್ ಕ್ಲೌಡ್ ಆಫ್ ಡಾರ್ಕ್‌ನೆಸ್ ಪಾರ್ಟಿಕಲ್ ಬೀಮ್ ಬಿಟ್ರೆ ನಾಲ್ಕೂ ಜನಕ್ಕೆ ಒಟ್ಟಿಗೆ ಬೀಳತ್ತೆ, ಸಾಲದ್ದಕ್ಕೆ ಪಕ್ಕದಲ್ಲಿ ಎರಡು ಟೆಂಟಕಲ್ ಬೇರೆ.

ಟವರ್ ಒಳಗೆ ಕಾಲಿಟ್ಟ ಮೇಲೆ ಕೊನೇ ಬಾಸ್ ತನಕ ಸೇವ್ ಇಲ್ಲ. ಕ್ವಿಕ್‌ಸೇವ್ ನಂಬ್ಕೋಬೇಡ, ಲೋಡ್ ಮಾಡಿದ ತಕ್ಷಣ ಅಳಿಸಿ ಹೋಗತ್ತೆ, ಸತ್ರೆ ಹೊರಗಡೆ ಮಾಡಿದ ಸೇವ್‌ನಿಂದಲೇ. ಚಾರ್ಜರ್ ಹಾಕ್ಕೊಂಡು ಕೂತ್ಕೋ. ಟವರ್ ತುದೀಲಿರೋ ಬಾಸ್ ಜಾಂಡೆನ ಹೊಡೆದ್ಮೇಲೆ ಬರೋ ಜಾಗ ವರ್ಲ್ಡ್ ಆಫ್ ಡಾರ್ಕ್‌ನೆಸ್‌ನಲ್ಲಿ ರಿಬ್ಬನ್ (ಹಾಕ್ಕೊಂಡ್ರೆ ವಿಷ ಗಿಷ ತಟ್ಟಲ್ಲ) ಪೆಟ್ಟಿಗೆಗಳಿವೆ, ಒಂದೊಂದಕ್ಕೂ ಜಾಂಡೆ ಕ್ಲೋನ್ ಕಾವಲು, ಆದ್ರೂ ಬಿಡ್ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಕೇಳಿದೋರಿಗೂ ಇಲ್ಲೇ ಹೇಳ್ತೀನಿ, ತೀರಾ ಅಗ್ಗಕ್ಕೆ ಸಿಕ್ರೆ ಡೂಪ್ಲಿಕೇಟ್ ಇರಬಹುದು, ಒಂದ್ಸಲ ಸೇವ್ ಮಾಡಿ ಆಫ್ ಆನ್ ಮಾಡಿ ನೋಡಿ ದುಡ್ಡು ಕೊಡಿ. ಆನಿಯನ್ ನೈಟ್ ಅನ್ನೋ ಗುಪ್ತ ಜಾಬ್ ಆಸೆ ಇದ್ರೆ ಡಿಎಸ್‌ನಲ್ಲಿ ತಲೆನೋವು, ಫ್ರೆಂಡ್‌ಗೆ ಗೇಮ್ ಒಳಗಿನ ಅಂಚೆ ಮಾಗ್‌ನೆಟ್‌ನಲ್ಲಿ ಲೆಟರ್ ಕಳಿಸ್ಬೇಕು, ನಿಂಟೆಂಡೋ ವೈಫೈ ಸರ್ವಿಸ್ 2014ರಲ್ಲೇ ನಿಂತ್‌ಹೋಯ್ತು, ಈಗ ಪಕ್ಕದಲ್ಲೇ ಇನ್ನೊಂದು ಡಿಎಸ್, ಇನ್ನೊಂದು ಕಾರ್ಟ್ರಿಜ್ ಇರೋ ಫ್ರೆಂಡ್ ಬೇಕು. ಮೊಬೈಲ್ ವರ್ಷನ್‌ನಲ್ಲಿ ಈ ಕಾಟ ಇಲ್ಲ. ಸಿಕ್ರೂ ಪಾತ್ರದ ಲೆವೆಲ್ 90 ದಾಟೋ ತನಕ ಆ ಜಾಬ್ ಕೆಲಸಕ್ಕೆ ಬರಲ್ಲ.