ಆಟೋಕ್ಯಾಡ್ ಬಿಟ್ಟು ರೆವಿಟ್ ಕಲಿಯಲು ಒಂದು ತಿಂಗಳು ಸಾಕಾ?

10 ವರ್ಷ ಕಂಪ್ಯೂಟರ್‌ನಲ್ಲಿ ಗೆರೆ ಎಳೆದು ಡ್ರಾಯಿಂಗ್ ಮಾಡುವ ಆಟೋಕ್ಯಾಡ್‌ನಲ್ಲಿ ಕೆಲಸ ಮಾಡಿದ್ದೀರಿ, ಈಗ ಆಫೀಸಿನಲ್ಲಿ ಕಟ್ಟಡವನ್ನೇ 3ಡಿ ಮಾದರಿಯಾಗಿ ಕಟ್ಟುವ ರೆವಿಟ್ ಕಲಿಯಲು ಒಂದು ತಿಂಗಳು ಕೊಟ್ಟಿದ್ದಾರೆ, ಅಲ್ವಾ? ನಾನೂ ಅದೇ ದಾರಿಯಲ್ಲಿ ಬಂದವನು. ಸುಮಾರಾಗಿ ಕೈ ಓಡಲು ನನಗೆ 3 ವಾರ ಹಿಡಿಯಿತು. ಯಾರನ್ನೂ ಕೇಳದೆ ಒಂದು ಸಣ್ಣ ಮನೆಯ ಡ್ರಾಯಿಂಗ್‌ಗಳನ್ನು ಮುಗಿಸಲು 4 ತಿಂಗಳು. ಬೇರೆಯವರ ಫೈಲ್‌ನಲ್ಲಿ ಏನು ಎಡವಟ್ಟಾಗಿದೆ ಎಂದು ಹೇಳುವಷ್ಟು ಆಗುವಾಗ ವರ್ಷ ದಾಟಿತ್ತು.

ಎರಡೂ ಆಟೋಡೆಸ್ಕ್ ಕಂಪನಿಯ ಸಾಫ್ಟ್‌ವೇರ್‌ಗಳೇ, ಅಣ್ಣತಮ್ಮ ಇದ್ದ ಹಾಗೆ ಅಂದುಕೊಳ್ಳಬೇಡಿ. ರೆವಿಟ್ ಹುಟ್ಟಿದ್ದು ಬೇರೆ ಮನೆಯಲ್ಲಿ. 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡಿತು. ಕಮಾಂಡ್‌ಗಳು ಬೇಗ ಬರುತ್ತವೆ. ಗೋಡೆಗೆ ಡಬ್ಲ್ಯೂಎ, ಬಾಗಿಲಿಗೆ ಡಿಆರ್, ಒಂದು ವಾರದಲ್ಲಿ ಬೆರಳಿಗೆ ಅಂಟಿಕೊಳ್ಳುತ್ತವೆ. ಕಾಡುವುದು ಹಳೇ ಚಾಳಿ. ಆಟೋಕ್ಯಾಡ್‌ನಲ್ಲಿ ಎರಡು ಗೆರೆ ಎಳೆದರೆ ಗೋಡೆ ಆಯಿತು. ಇಲ್ಲಿ ದಪ್ಪ ಎಷ್ಟು, ಯಾವ ಲೆವೆಲ್‌ನಿಂದ (ಮಹಡಿಯ ಎತ್ತರದ ಗುರುತು) ಎಲ್ಲಿವರೆಗೆ, ಎಲ್ಲ ಬೇಕು. ನಾನು ಕಳ್ಳದಾರಿ ಹಿಡಿದೆ. ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಸೀಳಿ ತೋರಿಸುವ ಚಿತ್ರದಲ್ಲಿ, ಸುಮ್ನೆ ಡೀಟೇಲ್ ಲೈನ್ (ಆ ಚಿತ್ರದಲ್ಲಿ ಮಾತ್ರ ಇರುವ ಬರೀ ಗೆರೆ) ಎಳೆದು ಸ್ಲ್ಯಾಬ್ ತೋರಿಸಿದೆ. ಪ್ರಿಂಟ್‌ನಲ್ಲಿ ಚೆನ್ನಾಗಿಯೇ ಕಾಣಿಸಿತು. ಆಮೇಲೆ ಮಹಡಿಯ ಎತ್ತರ ಬದಲಾಯಿತು ನೋಡಿ, ಗೋಡೆಗಳು ತಾವಾಗಿಯೇ ಮೇಲೇರಿದವು. ನನ್ನ ಗೆರೆಗಳು ಮಾತ್ರ ಇದ್ದಲ್ಲೇ ಉಳಿದವು.

ಇನ್ನೊಂದು ದಿನ ಪ್ಲ್ಯಾನ್‌ನಲ್ಲಿ ಬೀಮ್ ಇಟ್ಟೆ, ಕಾಣಲಿಲ್ಲ. ಮತ್ತೆ ಇಟ್ಟೆ. ಪ್ರತಿ ಸಲವೂ ಮೂಲೆಯಲ್ಲಿ ಎಚ್ಚರಿಕೆ ಬರುತ್ತಿತ್ತು, ಓದದೆ ಮುಚ್ಚುತ್ತಿದ್ದೆ. 3ಡಿ ವ್ಯೂ ತೆರೆದರೆ ಒಂದೇ ಜಾಗದಲ್ಲಿ ಐದು ಬೀಮ್! ಬೀಮ್ ಕೂರುವುದು ಲೆವೆಲ್‌ನ ಕೆಳಗೆ, ನನ್ನ ವ್ಯೂ ರೇಂಜ್ (ಪ್ಲ್ಯಾನ್‌ನಲ್ಲಿ ಯಾವ ಎತ್ತರದಿಂದ ಎಲ್ಲಿವರೆಗಿನದು ಕಾಣಬೇಕು ಎಂಬ ಸೆಟ್ಟಿಂಗ್) ಅಷ್ಟು ಕೆಳಗೆ ಇಳಿದಿರಲಿಲ್ಲ, ಅಷ್ಟೇ. ಇಟ್ಟ ವಸ್ತು ಕಾಣದಿದ್ದರೆ ಮೊದಲು ವ್ಯೂ ರೇಂಜ್ ನೋಡಿ, ಆಮೇಲೆ ಕೀಬೋರ್ಡ್‌ನಲ್ಲಿ ವಿವಿ ಒತ್ತಿ ಆ ಕ್ಯಾಟಗರಿ (ಬೀಮ್, ಬಾಗಿಲು ಹೀಗೆ ವಸ್ತುವಿನ ಬಗೆ) ಆಫ್ ಆಗಿದೆಯಾ ನೋಡಿ. ನನ್ನ ಮೊದಲ ತಿಂಗಳ ಅರ್ಧ ಸಮಯ ಈ ಹುಡುಕಾಟಕ್ಕೇ ಹೋಯಿತು.

ಹಾಗಾಗಿ ಒಂದು ತಿಂಗಳಿಗೆ ಒಪ್ಪಿಕೊಳ್ಳಿ, ಆದರೆ ಮೊದಲ ಪ್ರಾಜೆಕ್ಟ್ ಸಣ್ಣದಿರಲಿ, ಡೆಡ್‌ಲೈನ್ ಡಬಲ್ ಇರಲಿ ಎಂದು ಈಗಲೇ ಕೇಳಿ. ವಿಡಿಯೊ ಕೋರ್ಸ್ ಜಾಸ್ತಿ ಬೇಡ. ನೀವೇ ಹಿಂದೆ ಆಟೋಕ್ಯಾಡ್‌ನಲ್ಲಿ ಮಾಡಿದ ಒಂದು ಮನೆಯನ್ನು ಮತ್ತೆ ರೆವಿಟ್‌ನಲ್ಲಿ ಕಟ್ಟಿ. ಮನೆಯಲ್ಲೂ ಅಭ್ಯಾಸ ಮಾಡುವುದಾದರೆ ಆಫೀಸಿನಲ್ಲಿರುವ ವರ್ಷದ ವರ್ಷನ್ ಅನ್ನೇ ಹಾಕಿಕೊಳ್ಳಿ. ಹೊಸದರಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ.