ಮೊದಲ ವಿದೇಶ ಪ್ರವಾಸ ಎಲ್ಲಿಗೆ?

ಪ್ರಶ್ನೆ: ನನಗೆ 61. ನಿವೃತ್ತಿಯಾಯಿತು. ಕಾಶಿ, ರಾಮೇಶ್ವರ ಬಿಟ್ಟರೆ ದೂರದ ಊರು ಕಂಡಿಲ್ಲ. ಮೊದಲ ಸಲ ವಿದೇಶಕ್ಕೆ ಹೋಗಬೇಕು. ಎಲ್ಲಿಗೆ? ನೀವು ಮೊದಲು ಎಲ್ಲಿಗೆ ಹೋಗಿದ್ದಿರಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಾನು ಪಾಸ್‌ಪೋರ್ಟ್ ಮಾಡಿಸಿದ್ದೇ 58ಕ್ಕೆ! ಮೊದಲು ಹೋಗಿದ್ದು ಕಾಂಬೋಡಿಯಾದ ಅಂಕೋರ್ ವಾಟ್ ದೇವಾಲಯಕ್ಕೆ. ಸೂರ್ಯೋದಯ ನೋಡಲು ನಸುಕಿನಲ್ಲೇ ಕೊಳದ ದಡದಲ್ಲಿ ನಿಂತೆ. ಮೋಡ ಮುಸುಕಿ ಸೂರ್ಯ ಕಾಣಲೇ ಇಲ್ಲ. ಬೇಜಾರಾಗಿ ಒಳಗೆ ಹೋದರೆ, ಪೂರ್ವದ ಮೊಗಸಾಲೆಯ ಗೋಡೆಯಲ್ಲಿ ಸಮುದ್ರಮಥನದ ಕೆತ್ತನೆ! ಸುಮಾರು 49 ಮೀಟರ್ ಉದ್ದ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಅಜ್ಜಿ ಹೇಳುತ್ತಿದ್ದ ಕಥೆ ಅಷ್ಟು ದೂರದಲ್ಲಿ ಸಿಕ್ಕಿತು, ನೋಡಿ. ಬೇಲೂರಿನಲ್ಲಿ ವಿಷ್ಣುವರ್ಧನ ಗುಡಿ ಕಟ್ಟಿಸಿದ ಶತಮಾನದಲ್ಲೇ ಅಲ್ಲಿ ಎರಡನೇ ಸೂರ್ಯವರ್ಮ ಇದನ್ನು ಕಟ್ಟಿಸಿದ.

ನೀವೂ ಅಲ್ಲಿಗೇ ಹೋಗಿ. ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಏಪ್ರಿಲ್ ಮಾತ್ರ ಬೇಡ, ಸೆಕೆ ಜಾಸ್ತಿ. ಮೇಲಿನ ಗೋಪುರದ ಮೆಟ್ಟಿಲು ತೀರಾ ಕಡಿದು. ಮಂಡಿನೋವಿದ್ದರೆ ಸುಮ್ನೆ ಬಿಟ್ಟುಬಿಡಿ, ನಾನೂ ಬಿಟ್ಟೆ.

ನನ್ನ ಮುಂದಿನ ಆಸೆ ಇಂಡೊನೇಷ್ಯಾದ ಜಾವಾ ದ್ವೀಪದ ಬೌದ್ಧ ಸ್ತೂಪ ಬೊರೊಬುದುರ್. ಅಲ್ಲಿ 504 ಬುದ್ಧ ವಿಗ್ರಹಗಳಿವೆಯಂತೆ, ಎಣಿಸಿಯೇ ಬರಬೇಕು ಅಂತ ಹಟ. ಮನೆಯವರು ಮಾತ್ರ "ಮೊದಲು ಮಂಡಿ ಡಾಕ್ಟರಿಗೆ ತೋರಿಸಿ" ಅನ್ನುತ್ತಿದ್ದಾರೆ.